ವಸಡಿನೊಳಗಿನ ದಾರ

ಆ ದಿನ ಅಂಜಿನವ್ವನ ವಸಡು ಮುಟ್ಟಿದರೆ ಸಾಕು, ರಕ್ತ ಒಸರುತ್ತಿತ್ತು. ವಾಣಿ ಹತ್ತಿ ಒತ್ತಿ ಹಿಡಿದಳು, ಕಾದಳು, ಮೆಲ್ಲಗೆ ತೆಗೆದು ನೋಡಿದಳು. ಹಲ್ಲಿನ ಸುತ್ತ ಮತ್ತೆ ಕೆಂಪು ಗೆರೆ ಮೂಡಿತು.

"ಅಮ್ಮಾ, ಶುಗರ್ ಗುಳಿಗೆ ಸರಿಯಾಗಿ ತಗೊಳ್ತಿದೀರಲ್ಲ?"

ಬಾಯಿ ತುಂಬ ಹತ್ತಿ ಇದ್ದುದರಿಂದ ಅಂಜಿನವ್ವ ಕಣ್ಣಲ್ಲೇ ಹೂಂ ಅಂದಳು. ಪಕ್ಕದಲ್ಲಿ ನಿಂತಿದ್ದ ಮಗ ನಿಂಗರಾಜ್ ನಕ್ಕುಬಿಟ್ಟ. "ಎಲ್ಲಿ ತಗಂತಾಳ್ರಿ ಮೇಡಂ. ನಾಟಿ ಟೈಮಿನಾಗ ಊಟನೇ ನೆಪ್ಪಿರಲ್ಲ, ಇನ್ನ ಗುಳಿಗಿ ನೆಪ್ಪಿರ್ತೈತಾ?"

ಆ ಮಾತು ಕೇಳಿದ ಕೂಡಲೇ ವಾಣಿ ಕೈ ತಡೆಯಬೇಕಿತ್ತು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ನೋಡಿಸಿ, ವಸಡು ಗಟ್ಟಿಯಾಗುವ ತನಕ ಕಾದು, ಆಮೇಲೆ ಮುಂದುವರಿಯಬೇಕಿತ್ತು. ಅದು ಅವಳಿಗೆ ಗೊತ್ತಿತ್ತು. ಆದರೆ ನಂದಿಗುಡಿಯಿಂದ ಹರಿಹರ, ಹರಿಹರದಿಂದ ದಾವಣಗೆರೆ ಅಂತ ಬಸ್ಸು ಬದಲಿಸಿ ಬಂದವರನ್ನು ಹಿಂದೆಯೂ ಬರಿದೇ ವಾಪಸು ಕಳಿಸಿದ್ದಾಗಿತ್ತು. ಅಲ್ಲದೆ ದಂತ ಕಾಲೇಜಿನಲ್ಲಿ ಹೌಸ್ ಸರ್ಜನ್ ಆದಮೇಲೆ ಮೊದಲಿನಿಂದ ಕೊನೆಯವರೆಗೆ ತಾನೊಬ್ಬಳೇ ಮಾಡಲಿದ್ದ ಮೊದಲನೆಯ ಹಲ್ಲಿನ ಕ್ಯಾಪು ಇದು. ಇವತ್ತು ಅಚ್ಚು ತೆಗೆದುಬಿಡಬೇಕು ಅಂತ ಅವಳು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದಳು.

ಕ್ಯಾಪು ಸರಿಯಾಗಿ ಕೂರಬೇಕಾದರೆ ಹಲ್ಲಿನ ಅಚ್ಚು ಸರಿಯಾಗಿ ಬರಬೇಕು. ಅಚ್ಚಿನಲ್ಲಿ ಹಲ್ಲಿನ ಅಂಚು ಮೂಡಬೇಕಾದರೆ ಅದನ್ನು ಮುಚ್ಚಿಕೊಂಡ ವಸಡನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಸಬೇಕು. ಅದಕ್ಕೆಂದು ಔಷಧದಲ್ಲಿ ಅದ್ದಿದ ದಾರವನ್ನು ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಕೂರಿಸುತ್ತಾರೆ. ವಾಣಿ ಇದನ್ನೆಲ್ಲ ಮೊದಲ ಸಲ ವಿವರಿಸಿದಾಗ ಅಂಜಿನವ್ವ, "ಅಷ್ಟೇ ಏನವ್ವ? ಗದ್ದಿ ಬದುವಿನ ಕೆಸರು ಸರಿಸಿ ಕಲ್ಲಿನ ಬುಡ ನೋಡಿದಂಗೆ" ಅಂದಿದ್ದಳು. ಅಕ್ಕಪಕ್ಕದ ಕುರ್ಚಿಗಳ ವಿದ್ಯಾರ್ಥಿಗಳೆಲ್ಲ ನಕ್ಕಿದ್ದರು.

ರಕ್ತ ನಿಲ್ಲದೆ ಇದ್ದಾಗ ಎರಡು ದಾರ ಹಾಕುವ ಪದ್ಧತಿಯುಂಟು. ತೆಳ್ಳನೆಯದನ್ನು ಸಂದಿಯ ತಳಕ್ಕೆ ಇಳಿಸಿ, ಅದರ ಮೇಲೆ ದಪ್ಪನೆಯದನ್ನು ಕೂರಿಸುತ್ತಾರೆ. ಅಚ್ಚು ತೆಗೆಯುವ ಮೊದಲು ಮೇಲಿನದನ್ನು ಮಾತ್ರ ಎಳೆದು, ತಳದ್ದನ್ನು ಅಲ್ಲೇ ಬಿಡುತ್ತಾರೆ. ಅಚ್ಚು ಬಂದಮೇಲೆ ಅದನ್ನೂ ತೆಗೆಯಬೇಕು. ವಾಣಿ ಹಾಗೇ ಮಾಡಿದಳು. ತೆಳ್ಳನೆಯ ದಾರ ರಕ್ತದಲ್ಲಿ ನೆನೆದು ವಸಡಿನ ಬಣ್ಣಕ್ಕೇ ತಿರುಗಿತು. ದಪ್ಪ ದಾರ ಎಳೆದಾಗ ಸಂದಿ ಚೆನ್ನಾಗಿ ಬಾಯಿಬಿಟ್ಟಿತ್ತು. ಅಚ್ಚು ಹೊರಬಂತು. ಹಲ್ಲಿನ ಅಂಚು ಒಂದು ಕೂದಲೆಳೆಯೂ ಮುರಿಯದಂತೆ ಸುತ್ತಲೂ ಮೂಡಿತ್ತು. ಅದನ್ನು ಹಿಡಿದುಕೊಂಡು ಅವಳು ಓಡಿದಂತೆಯೇ ಹೋಗಿ ಖಲೀಲ್ ಸರ್‌ಗೆ ತೋರಿಸಿದಳು. ಯಾರನ್ನೂ ಸುಲಭಕ್ಕೆ ಹೊಗಳದ ಆ ಪ್ರೊಫೆಸರು ಕನ್ನಡಕ ಮೇಲೇರಿಸಿ ನೋಡಿ, "ಚೆನ್ನಾಗಿ ಬಂದಿದೆ" ಅಂದರು. ವಾಪಸು ಕುರ್ಚಿಗೆ ಬಂದಾಗ ಅವಳ ಕಿವಿಯಲ್ಲಿ ಇನ್ನೂ ಆ ಮಾತೇ ಇತ್ತು. ನಿಂಗರಾಜ್ ಬಸ್ಸಿನ ಹೊತ್ತಾಯಿತೆಂದು ಚಡಪಡಿಸುತ್ತಿದ್ದ. ವಾಣಿ ತಾತ್ಕಾಲಿಕ ಕ್ಯಾಪಿಗೆ ಸಿಮೆಂಟು ಹಚ್ಚಿ, ಹಲ್ಲಿನ ಮೇಲೆ ಒತ್ತಿ, "ಕಚ್ಚಿ ಹಿಡೀರಿ ಅಮ್ಮಾ" ಅಂದಳು.

ಎದ್ದು ನಿಂತ ಅಂಜಿನವ್ವ ನಾಲಿಗೆಯಿಂದ ಆ ಜಾಗ ತಡವಿಕೊಂಡಳು. "ಒಳಗೆ ಏನೋ ಸಿಕ್ಕಂಡಂಗೈತೆ ನೋಡವ್ವ."

"ಹೊಸದಲ್ವಾ ಅಮ್ಮಾ, ಹಾಗನಿಸುತ್ತೆ. ಎರಡು ದಿನಕ್ಕೆ ಸರಿಹೋಗುತ್ತೆ."

ಆ ಅಚ್ಚಿನಿಂದ ಮಾಡಿಸಿದ ಕಾಯಂ ಕ್ಯಾಪು ತಯಾರಾಗಿ ಬಂತು. ಹಾಕಿಸಿಕೊಳ್ಳಬೇಕಾದ ದಿನ ಅಂಜಿನವ್ವ ಬರಲಿಲ್ಲ. ವಾಣಿ ಫೋನ್ ಮಾಡಿದಾಗ ನಿಂಗರಾಜ್, "ಅವ್ವಗ ಮೈಯಾಗ ಆರಾಮಿಲ್ಲರಿ, ಬರ್ತೀವಿ" ಅಂದು ಇಟ್ಟುಬಿಟ್ಟ. ಏನಾಗಿದೆ ಅಂತ ಅವಳು ಕೇಳಲಿಲ್ಲ. ನಾಟಿ ಕಾಲ, ಮಳೆಯಲ್ಲಿ ನೆಂದಿರಬೇಕು, ಜ್ವರ ಬಂದಿರಬೇಕು ಅಂದುಕೊಂಡಳು.

ಅದಾದ ಎರಡನೆಯ ದಿನ ಮಧ್ಯಾಹ್ನ, ಕ್ಯಾಂಟೀನಿನಲ್ಲಿ ರೇವತಿ ಸಿಕ್ಕಳು. ಅದೇ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದ ರೇವತಿ, ವಸಡು ಸರಿಸುವ ವಿಧಾನಗಳ ಬಗ್ಗೆ ವಿದ್ಯಾರ್ಥಿಗಳಿಗೆ ಗೊತ್ತಿರುವುದೆಷ್ಟು, ಕೈಯಲ್ಲಿ ಮಾಡುವುದೆಷ್ಟು ಅಂತ ಒಂದು ಅಧ್ಯಯನ ಹಿಡಿದುಕೊಂಡಿದ್ದಳು. ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತ ಹೌಸ್ ಸರ್ಜನ್‌ಗಳ ಗುಂಪಿಗೇ ಪ್ರಶ್ನೆ ಹಾಕುತ್ತಾ ಬಂದಳು. ಹೃದಯದ ಕಾಯಿಲೆ ಇರುವವರಿಗೆ ಯಾವ ಔಷಧದ ದಾರ ಹಾಕಬಾರದು? ದಾರ ಎಷ್ಟು ಹೊತ್ತು ಇಡಬೇಕು? ಒಣಗಿದ ದಾರ ಎಳೆದರೆ ಏನಾಗುತ್ತದೆ? ಎಲ್ಲದಕ್ಕೂ ವಾಣಿಯ ಉತ್ತರವೇ ಮೊದಲು ಬರುತ್ತಿತ್ತು. ಪರೀಕ್ಷೆಯಲ್ಲಿ ಈ ಪಾಠಕ್ಕೆ ಅವಳಿಗೇ ಹೆಚ್ಚು ಅಂಕ ಬಂದಿತ್ತು.

"ಸರಿ, ಎರಡು ದಾರದ ಪದ್ಧತಿ. ಕ್ರಮ ಹೇಳು ನೋಡೋಣ."

"ಮೊದಲು ತೆಳ್ಳಂದು. ಮೇಲೆ ದಪ್ಪಂದು. ದಪ್ಪಂದು ತೆಗೆದು ಅಚ್ಚು. ಅಚ್ಚಾದ ಮೇಲೆ ತೆಳ್ಳಂದನ್ನ..."

ವಾಣಿಯ ಮಾತು ಅಲ್ಲಿಗೇ ನಿಂತಿತು. ಕಣ್ಣೆದುರು ಅಂದಿನ ಸ್ಟೀಲ್ ತಟ್ಟೆ ಬಂತು. ಅದರಲ್ಲಿ ರಕ್ತ ಹತ್ತಿದ ಹತ್ತಿಯ ಉಂಡೆಗಳಿದ್ದವು, ಕನ್ನಡಿ ಇತ್ತು, ದಪ್ಪನೆಯ ದಾರ ಸುರುಳಿಯಾಗಿ ಬಿದ್ದಿತ್ತು. ತೆಳ್ಳನೆಯ ದಾರ? ಅಚ್ಚು ಹಿಡಿದು ಓಡಿದ್ದು ನೆನಪಿತ್ತು, ಖಲೀಲ್ ಸರ್ ಕನ್ನಡಕ ಏರಿಸಿದ್ದು ನೆನಪಿತ್ತು, ಸಿಮೆಂಟು ಕಲಸಿದ್ದು ನೆನಪಿತ್ತು. ಚಿಮಟ ಹಿಡಿದು ಮತ್ತೆ ಆ ಸಂದಿಗೆ ಕೈ ಹಾಕಿದ್ದು ಮಾತ್ರ ಎಷ್ಟು ತಡಕಾಡಿದರೂ ನೆನಪಿನಲ್ಲಿ ಸಿಗಲಿಲ್ಲ.

"ತೆಳ್ಳಂದನ್ನ ಏನು ಮಾಡ್ತೀಯೇ?" ರೇವತಿ ನಗುತ್ತಾ ಕೇಳಿದಳು.

ವಾಣಿ ಎದ್ದು ಹೊರಗೆ ಬಂದಳು. ನಿಂಗರಾಜನಿಗೆ ಫೋನ್ ಹಚ್ಚಿದಳು. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದಳು. ಕೊನೆಗೆ ಆ ಮನೆಯದೇ ಇನ್ನೊಂದು ನಂಬರಿಗೆ ಮಾಡಿದಾಗ ಒಬ್ಬ ಹೆಣ್ಣುಮಗಳು ಎತ್ತಿದಳು. ನಿಂಗರಾಜನ ಹೆಂಡತಿ ಲಕ್ಷ್ಮೀದೇವಿ. ಹಿಂದೆ ಕೂಸು ಅಳುತ್ತಿತ್ತು.

"ಅತ್ತೀಗೆ ಭಾಳ ಆಗೈತ್ರಿ. ಮೊದ್ಲು ದವಡಿ ಬಾತಿತ್ತು. ಹಲ್ಲಿಂದು, ಇಳೀತೈತೆ ಅಂತ ಊರಾಗ ನೋವಿನ ಗುಳಿಗಿ ತಂದು ಕೊಟ್ವಿ. ನಿನ್ನಿಂದ ಬಾಯೇ ತೆಗೀವಲ್ಲರು. ಹಲ್ಲು ಕಚ್ಕಂಡು ಕುಂತಾರೆ. ಜೊಲ್ಲು ಸುರೀತೈತೆ. ರಾತ್ರಿ ಎಲ್ಲಾ ಏನೇನೋ ಬಡಬಡಿಸಿದ್ರು, ದನಿನೇ ಅವರದಲ್ಲರಿ. ಕಣ್ಣು ನೋಡಿದ್ರ ಹೆದ್ರಿಕಿ ಬರ್ತೈತೆ."

"ಈಗ ಎಲ್ಲಿದಾರೆ? ಆಸ್ಪತ್ರೆಗೆ ತೋರಿಸಿದ್ರಾ?"

"ಗಾಳಿ ಸೋಕೈತೆ ಅಂದ್ರು ಎಲ್ಲಾರೂ. ಮಾವ, ನಮ್ಮನಿಯವರು ಸೇರಿ ಗಾಳಿ ಬಿಡಿಸಾಕೆ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಕರ್ಕಂಡು ಹೋಗ್ಯಾರೆ. ಇವತ್ತು ಅಮಾಸಿ ಐತಲ್ರಿ. ಹೊಳ್ಯಾಗ ಮುಳುಗಿಸಿ ಅಜ್ಜಯ್ಯನ ಮುಂದೆ ಕುಂದ್ರಿಸ್ತಾರಂತೆ."

ದವಡೆ ಬಾತದ್ದು, ಬಾಯಿ ಬಿಗಿದದ್ದು, ಜೊಲ್ಲು ನುಂಗಲಾಗದ್ದು, ದನಿ ಬದಲಾದದ್ದು. ಇವೆಲ್ಲ ಒಂದರ ಹಿಂದೊಂದು ಬಂದರೆ ಅದರ ಹೆಸರೇನೆಂದು ಅವಳಿಗೆ ಗೊತ್ತಿತ್ತು. ಹಲ್ಲಿನ ಬುಡದ ಕೀವು ನಾಲಿಗೆಯ ಕೆಳಗೆ ಇಳಿದು, ಅಲ್ಲಿಂದ ಕುತ್ತಿಗೆಗೆ ಹರಡಿ, ನಾಲಿಗೆಯನ್ನು ಮೇಲಕ್ಕೆ ನೂಕಿ ಉಸಿರಿನ ದಾರಿಯನ್ನು ಮುಚ್ಚುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಬೆಂಕಿ ಬಣವೆಗೆ ಬಿದ್ದ ಹಾಗೆ ಹರಡುತ್ತದೆ.

ಹಿಂದೆಯೇ ಬಂದಿದ್ದ ರೇವತಿ ಅವಳ ಮುಖ ನೋಡಿ ಗಾಬರಿಯಾದಳು. ವಿಷಯ ಕೇಳಿದ ಮೇಲೆ ದನಿ ತಗ್ಗಿಸಿದಳು. "ದಾರದಿಂದಾನೇ ಆಯ್ತು ಅಂತ ಯಾರು ಹೇಳ್ತಾರೆ? ಶುಗರ್ ಇದೆ, ಹಳೇ ಹಲ್ಲು. ನೂರು ಕಾರಣ ಇರುತ್ತೆ. ಅವರಿಗೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ ಅಂತ ಹೇಳು, ಸಾಕು. ದಾರದ ಸುದ್ದಿ ನೀನಾಗೇ ಎತ್ತಬ್ಯಾಡ."

"ಫೋನ್ ಎತ್ತುತಿಲ್ಲ ಕಣೇ ಅವರು."

ಖಲೀಲ್ ಸರ್ ಅವತ್ತು ಪರೀಕ್ಷೆಯ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದರು. ವಾಣಿ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು, ದಾರದ್ದನ್ನೂ.

"ತೆಗೆದದ್ದು ನೆನಪಿಲ್ಲ ಅಂದರೆ ತೆಗೆದಿಲ್ಲ ಅಂತಲೇ ತಿಳಿ," ಅಂದರು. "ಈಗಲೇ ಹೊರಡು. ನಾನು ಹರಿಹರದ ಆಸ್ಪತ್ರೆಗೂ ದಾವಣಗೆರೆಗೂ ಹೇಳಿರ್ತೀನಿ. ಆಕೆಯನ್ನು ಮಲಗಿಸಬೇಡ, ಕೂರಿಸಿಕೊಂಡೇ ಕರೆತಾ. ಏನೂ ಕುಡಿಸಬೇಡ. ನೀರಿಗಂತೂ ಇಳಿಸಲೇಬೇಡ, ವಾಣಿ. ಇರುವ ಒಂದೆಳೆ ಉಸಿರೂ ಹೋಗಿಬಿಡುತ್ತದೆ."

ವಾಣಿಯ ಮನೆ ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿತ್ತು. ಅದೇ ಓಣಿಯ ಅತೀಕ್ ಬಾಡಿಗೆ ಕಾರು ಓಡಿಸುತ್ತಿದ್ದ. ಹತ್ತು ನಿಮಿಷದೊಳಗೆ ಅವನು ಕಾಲೇಜಿನ ಗೇಟಿಗೆ ಬಂದು ನಿಂತ. "ಉಕ್ಕಡಗಾತ್ರಿಗಾ ಅಕ್ಕಾ? ಇವತ್ತು ಅಮಾಸಿ, ರಸ್ತಿ ತುಂಬಾ ಜನ ಇರ್ತಾರೆ" ಅಂದವನು, ಅವಳ ಮುಖ ನೋಡಿ ಮುಂದೆ ಏನೂ ಕೇಳಲಿಲ್ಲ.

ಹರಿಹರ ದಾಟಿದ ಮೇಲೆ ಎರಡೂ ಬದಿಗೆ ಗದ್ದೆಗಳು. ಹೊಸದಾಗಿ ನಾಟಿಯಾದ ಪೈರಿನ ನಡುವೆ ನಿಂತ ನೀರಿನಲ್ಲಿ ಮೋಡ ಕಪ್ಪಗೆ ಕಾಣುತ್ತಿತ್ತು. ಟ್ರ್ಯಾಕ್ಟರುಗಳು, ಟೆಂಪೋಗಳು, ಜನ ತುಂಬಿದ ಬಸ್ಸುಗಳು, ಎಲ್ಲವೂ ಒಂದೇ ದಿಕ್ಕಿಗೆ ಹೊರಟಿದ್ದವು. ಒಂದು ಟ್ರ್ಯಾಕ್ಟರಿನಲ್ಲಿ ಕೂದಲು ಕೆದರಿದ ಹುಡುಗಿಯೊಬ್ಬಳನ್ನು ಇಬ್ಬರು ಹೆಂಗಸರು ಹಿಡಿದುಕೊಂಡು ಕೂತಿದ್ದರು. ಅತೀಕ್ ಹಾರ್ನ್ ಹೊಡೆಯುತ್ತಲೇ ಇದ್ದ. ವಾಣಿ ನಿಂಗರಾಜನ ನಂಬರನ್ನು ಒತ್ತುತ್ತಲೇ ಇದ್ದಳು. ಒಮ್ಮೆ ಅವನು ಎತ್ತಿದ. ಡೋಲು, ಗಂಟೆ, ಜನರ ಕೂಗು ಕೇಳಿಸಿತು. "ಹಲೋ, ಯಾರು? ಕೇಳವಲ್ದು" ಅಂದ. ನೀರಿಗೆ ಇಳಿಸಬೇಡಿ ಅಂತ ಅವಳು ಕಿರುಚುವುದರೊಳಗೆ ಲೈನು ಹೋಯಿತು. ನಂದಿಗುಡಿಯ ಬಸ್ ಸ್ಟ್ಯಾಂಡ್ ಹಿಂದೆ ಸರಿಯಿತು. ಮನೆಗಳ ಜಗಲಿಯ ಮೇಲೆ ಕೂತವರೆಲ್ಲ ಕಾರಿನ ಕಡೆಗೇ ನೋಡುತ್ತಿರುವಂತೆ ಅವಳಿಗೆ ಅನಿಸಿತು.

ಉಕ್ಕಡಗಾತ್ರಿಯ ಹೊರಗೇ ಕಾರು ನಿಲ್ಲಿಸಬೇಕಾಯಿತು. ಅಲ್ಲಿಂದ ವಾಣಿ ಓಡಿದಳು. ಕಾಯಿ, ಊದಿನಕಡ್ಡಿಯ ಅಂಗಡಿಗಳ ನಡುವೆ ಜನ ಹೆಗಲಿಗೆ ಹೆಗಲು ಒತ್ತಿಕೊಂಡು ನಡೆಯುತ್ತಿದ್ದರು. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮೆಟ್ಟಿಲುಗಳ ಮೇಲೆ ಮಿಂದವರು ಬಿಟ್ಟುಹೋದ ಹಳೆಯ ಬಟ್ಟೆಗಳ ರಾಶಿ ಬಿದ್ದಿತ್ತು. ಎಲ್ಲೋ ಒಬ್ಬಳು ಕೂಗಿಕೊಳ್ಳುತ್ತಿದ್ದಳು, ಎಲ್ಲೋ ಭಜನೆ ನಡೆದಿತ್ತು. ಇಷ್ಟು ಮುಖಗಳಲ್ಲಿ ಒಂದು ಮುಖವನ್ನು ಹುಡುಕುತ್ತಾ ವಾಣಿ ಮೆಟ್ಟಿಲು ಇಳಿದಳು.

ಮೊದಲು ಕಂಡವನು ನಿಂಗರಾಜ್. ಮೊಣಕಾಲುದ್ದ ನೀರಿನಲ್ಲಿ ನಿಂತು ಕೈ ಚಾಚಿದ್ದ. ಮೆಟ್ಟಿಲ ಮೇಲೆ ಅವನ ತಂದೆ ಗುತ್ತೆಪ್ಪ ಹೆಂಡತಿಯ ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡುತ್ತಿದ್ದ. ಅಂಜಿನವ್ವನ ತಲೆಯ ಮೇಲಿನ ಸೆರಗು ಜಾರಿತು. ವಾಣಿಗೆ ಗುರುತೇ ಹತ್ತಲಿಲ್ಲ. ಗಲ್ಲದ ಕೆಳಗೆ ಕುತ್ತಿಗೆಯೇ ಇರಲಿಲ್ಲ, ದವಡೆಯಿಂದ ಎದೆಯವರೆಗೆ ಒಂದೇ ಬಾವು, ಕೆಂಪಗೆ ಮಿಂಚುತ್ತಿತ್ತು. ಅರೆ ತೆರೆದ ತುಟಿಗಳ ನಡುವೆ ನಾಲಿಗೆ ಹಲ್ಲಿಗೆ ಒತ್ತಿಕೊಂಡಿತ್ತು. ಪ್ರತಿ ಉಸಿರಿಗೂ ಗಂಟಲಿನಿಂದ ಗೊರಗೊರ ಸದ್ದು ಬರುತ್ತಿತ್ತು.

"ನಿಲ್ಲಿಸ್ರಿ! ನೀರಿಗೆ ಇಳಿಸಬ್ಯಾಡ್ರಿ!"

ನಿಂಗರಾಜ್ ತಿರುಗಿ ನೋಡಿದ. "ಮೇಡಂ? ನೀವು ಇಲ್ಲಿಗೆ ಯಾಕ ಬಂದ್ರಿ?"

"ಇದು ಗಾಳಿ ಅಲ್ಲ. ಕೀವು. ಹಲ್ಲಿಂದ ಕೀವು ಕುತ್ತಿಗೆಗೆ ಇಳಿದಿದೆ. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

"ಒಂದು ಮುಳುಗು ಹಾಕಿಸಿ ಹೋಗಾನ ತಾಯಿ," ಗುತ್ತೆಪ್ಪ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇಲ್ಲಿತನ ಬಂದೀವಿ. ಹಲ್ಲಿನ ಬಾವಿಗೆ ಯಾರಾರ ಹಿಂಗೆ ಬಡಬಡಿಸ್ತಾರ?"

ಸುತ್ತ ಜನ ಸೇರತೊಡಗಿದರು. ಯಾರೋ ಒಬ್ಬಳು, "ಅಮಾಸಿ ದಿನ ಬಂದು ಅಡ್ಡ ಬರಬ್ಯಾಡವ್ವ" ಅಂದಳು. ವಾಣಿಗೆ ರೇವತಿಯ ಮಾತು ನೆನಪಾಯಿತು. ದಾರದ ಸುದ್ದಿ ಎತ್ತದೆಯೂ ಇವರನ್ನು ಒಪ್ಪಿಸಬಹುದೇನೋ. ಇನ್ನೂ ಸ್ವಲ್ಪ ಹೊತ್ತು ಮಾತಾಡಿದರೆ, ವಿವರಿಸಿದರೆ. ಅಂಜಿನವ್ವನ ಎದೆ ಒಮ್ಮೆ ಮೇಲೆದ್ದು, ತಡೆದು, ಬಹಳ ಹೊತ್ತಿನ ಮೇಲೆ ಕೆಳಗಿಳಿಯಿತು.

"ನನ್ನಿಂದ ಆಗಿದ್ದು ಇದು," ವಾಣಿ ಅಂದಳು. "ಅವತ್ತು ಅಚ್ಚು ತೆಗೆಯೋಕೆ ವಸಡಿನ ಒಳಗೆ ದಾರ ಇಟ್ಟಿದ್ದೆ. ಎರಡು ಇಟ್ಟಿದ್ದೆ, ಒಂದನ್ನ ತೆಗೆಯೋದು ಮರೆತೆ. ಅದರ ಮೇಲೇ ಕ್ಯಾಪ್ ಕೂರಿಸಿ ಕಳಿಸಿಬಿಟ್ಟೆ. ಅದು ಒಳಗೇ ಕೊಳೆತು ಹಿಂಗಾಗಿದೆ. ಅಮ್ಮ ಅವತ್ತೇ ಏನೋ ಸಿಕ್ಕೊಂಡಿದೆ ಅಂತ ಹೇಳಿದ್ರು. ನಾನು ಕೇಳಲಿಲ್ಲ."

ನಿಂಗರಾಜ್ ನೀರಿನಿಂದ ಮೇಲೆ ಬಂದ. ಪಂಚೆಯಿಂದ ನೀರು ಇಳಿಯುತ್ತಿತ್ತು. ಅವಳ ಮುಂದೆ ನಿಂತು ಸ್ವಲ್ಪ ಹೊತ್ತು ಅವಳ ಬಾಯಿಯನ್ನೇ ನೋಡಿದ, ಕೇಳಿದ್ದು ಅದರಿಂದಲೇ ಬಂತೋ ಇಲ್ಲವೋ ಎನ್ನುವ ಹಾಗೆ.

"ಏನಂದ್ರಿ? ಮರ್ತ್ರಾ?"

"ಹೌದು."

ಅವನು ಕೈ ಎತ್ತಿದ. ವಾಣಿ ಕದಲಲಿಲ್ಲ. ಗುತ್ತೆಪ್ಪ ಆ ಕೈಯನ್ನು ಗಾಳಿಯಲ್ಲೇ ಹಿಡಿದ.

"ಹೊಡದ್ರ ನಿಮ್ಮವ್ವ ಉಸಿರಾಡ್ತಾಳೇನಲೇ? ಎತ್ತು ಆಕಿನ್ನ." ಆಮೇಲೆ ಗುಡಿಯ ಕಡೆ ತಿರುಗಿ ಒಮ್ಮೆ ಕೈಮುಗಿದ. "ಅಜ್ಜಯ್ಯ ಇಲ್ಲಿತನ ಕರಸ್ಕಂಡಿದ್ದೇ ಇದನ್ನ ಕೇಳಸಾಕೆ ಅಂತ ತಿಳ್ಕಂತೀನಿ. ನಡೀರಿ, ದಾರಿ ಬಿಡ್ರಪ್ಪ!"

ಅಡ್ಡ ಬರಬ್ಯಾಡ ಅಂದಿದ್ದ ಹೆಂಗಸೇ ಮುಂದೆ ನಿಂತು ಜನರನ್ನು ಸರಿಸಿದಳು. ಅಪ್ಪ ಮಗ ಇಬ್ಬರೂ ಕೈಗೆ ಕೈ ಹೆಣೆದು ಅಂಜಿನವ್ವನನ್ನು ಕೂರಿಸಿಕೊಂಡು ಹೊತ್ತರು.

ಕಾರಿನ ಹಿಂದಿನ ಸೀಟಿನಲ್ಲಿ ವಾಣಿ ಅವಳನ್ನು ಮುಂದಕ್ಕೆ ಬಗ್ಗಿಸಿ ಕೂರಿಸಿ, ಎರಡೂ ಕೈಗಳಿಂದ ದವಡೆಯನ್ನು ಮುಂದಕ್ಕೆ ಎಳೆದು ಹಿಡಿದಳು. ಬಾವು ಹಲಗೆಯಷ್ಟು ಗಟ್ಟಿಯಾಗಿತ್ತು, ಕಾದ ಹೆಂಚಿನಷ್ಟು ಬಿಸಿಯಾಗಿತ್ತು. ಇನ್ನೊಂದು ಬದಿಯಲ್ಲಿ ಕೂತ ನಿಂಗರಾಜ್ ತಾಯಿಯ ಬೆನ್ನು ಸವರುತ್ತಾ ಒಂದೇ ಮಾತನ್ನು ಗೊಣಗುತ್ತಿದ್ದ. "ಅವ್ವಾ, ಉಸಿರು ತಗಾ. ಅವ್ವಾ, ಉಸಿರು ತಗಾ." ವಾಣಿಯ ಕಡೆ ಅವನು ನೋಡಲಿಲ್ಲ. ಎದುರಿನಿಂದ ಬರುವ ಟ್ರ್ಯಾಕ್ಟರುಗಳಿಗೆ ಅತೀಕ್ ದೀಪ ಮಿಣುಕಿಸುತ್ತಾ, ಬದಿಯ ಮಣ್ಣಿಗೆ ಇಳಿಯುತ್ತಾ ಓಡಿಸುತ್ತಿದ್ದ. ಒಂದು ಕಡೆ ಕಾರು ಗುಂಡಿಗೆ ಬಿದ್ದು ಎದ್ದಾಗ ಗೊರಗೊರ ಸದ್ದು ನಿಂತುಹೋಯಿತು.

ಅಂಜಿನವ್ವನ ಕಣ್ಣುಗಳು ಅಗಲವಾದವು. ವಾಣಿಯ ಮಣಿಕಟ್ಟನ್ನು ಹಿಡಿದ ಅವಳ ಉಗುರು ಚರ್ಮಕ್ಕೆ ಇಳಿಯಿತು. ತುಟಿ ನೀಲಿಗೆ ತಿರುಗಿತು. ವಾಣಿ ದವಡೆಯನ್ನು ಇನ್ನಷ್ಟು ಎಳೆದಳು, ತಲೆಯನ್ನು ಮುಂದಕ್ಕೆ ತಂದಳು, ಬಿಗಿದ ಹಲ್ಲುಗಳ ಸಂದಿಯ ಜೊಲ್ಲನ್ನು ಸೆರಗಿನಿಂದ ಬಳಿದಳು. ಏನೂ ಆಗಲಿಲ್ಲ. ತನ್ನ ಕೈಯಲ್ಲೇ ಈ ಹೆಂಗಸು ಹೋಗುತ್ತಿದ್ದಾಳೆ ಅನ್ನುವುದು ಅವಳಿಗೆ ತಣ್ಣಗೆ, ಸ್ಪಷ್ಟವಾಗಿ ಗೊತ್ತಾಯಿತು. ಆಮೇಲೆ ಎಲ್ಲಿಂದಲೋ ಹರಿದ ಬಟ್ಟೆಯಂಥ ಒಂದು ಸದ್ದು ಬಂತು, ಉಸಿರು ಒಳಕ್ಕೆ ಹೋಯಿತು. ನಿಂಗರಾಜ್ ಮುಖ ಮುಚ್ಚಿಕೊಂಡು ಅತ್ತ.

ಹರಿಹರದ ಆಸ್ಪತ್ರೆಯ ಬಾಗಿಲಲ್ಲೇ ಕಾದಿದ್ದರು. ಸೂಜಿ ಚುಚ್ಚಿ, ಆಮ್ಲಜನಕ ಹಚ್ಚಿ, ಆಂಬುಲೆನ್ಸಿಗೆ ಹತ್ತಿಸಿದರು. ದಾವಣಗೆರೆಯಲ್ಲಿ ಸ್ಟ್ರೆಚರು ನೇರವಾಗಿ ಆಪರೇಷನ್ ಕೋಣೆಗೆ ಹೋಯಿತು. ಬಾಯಿಂದ ನಳಿಕೆ ಇಳಿಸಲು ಜಾಗವೇ ಇರಲಿಲ್ಲ. ಗಂಟಲಿಗೆ ರಂಧ್ರ ಮಾಡಿ ಉಸಿರಿಗೆ ದಾರಿ ಕೊಟ್ಟರು. ಗಲ್ಲದ ಕೆಳಗೆ ಎರಡೂ ಬದಿಗೆ ಕುಯ್ದು ಕೀವು ಹೊರಬಿಟ್ಟರು. ಹುಬ್ಬಳ್ಳಿಯಿಂದ ನೇರ ಅಲ್ಲಿಗೇ ಬಂದಿದ್ದ ಖಲೀಲ್ ಸರ್ ಒಳಗೆ ಹೋಗಿ, ಬಾಯಿ ಸಡಿಲಾದ ಮೇಲೆ ಆ ತಾತ್ಕಾಲಿಕ ಕ್ಯಾಪನ್ನು ಕಿತ್ತು ವಸಡು ನೋಡಿದರು.

ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ತುಣುಕು ಬಿಳಿ ಬಟ್ಟೆ ಇತ್ತು. ಅದನ್ನು ವಾಣಿಯ ಮುಂದೆ ಹಿಡಿದರು. ಅದರ ಮೇಲೆ ಕಪ್ಪಗೆ ಮುದುಡಿ, ನಾರುತ್ತಾ, ಸತ್ತ ಹುಳುವಿನಂತೆ ಬಿದ್ದಿತ್ತು ಆ ದಾರ. ಗುತ್ತೆಪ್ಪ ಬಗ್ಗಿ ನೋಡಿದ.

"ಇಷ್ಟೇನಾ?" ಅಂದ. ಮತ್ತೆ ನೋಡಿದ. "ಇಷ್ಟೇ ಏನ್ರಿ?"

ಆಮೇಲಿನ ದಿನಗಳು ಹೇಗೆ ಕಳೆದವೆಂದು ವಾಣಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಕಾಲೇಜಿನಲ್ಲಿ ವಿಚಾರಣೆಯಾಯಿತು. ಮೇಲಿನವರ ಮುಂದೆ ಅವಳು ಹೊಳೆಯ ಮೆಟ್ಟಿಲ ಮೇಲೆ ಹೇಳಿದ್ದನ್ನೇ ಹೇಳಿದಳು. ಖಲೀಲ್ ಸರ್ ತಾವೂ ನಿಂತು, ರೋಗಿಯನ್ನು ಕಳಿಸುವ ಮುನ್ನ ಬಾಯಿ ನೋಡಬೇಕಾಗಿದ್ದದ್ದು ತಾನು, ಅಚ್ಚನ್ನಷ್ಟೇ ನೋಡಿ ಸುಮ್ಮನಾದೆ ಅಂದರು. ವಾಣಿಯ ಹೌಸ್ ಸರ್ಜನ್ಸಿಯನ್ನು ಇನ್ನೂ ಆರು ತಿಂಗಳು ವಿಸ್ತರಿಸಿದರು. ಆ ಶಿಕ್ಷೆ ಕಡಿಮೆಯಾಯಿತು ಅಂತ ಕೆಲವರು, ಹೆಚ್ಚಾಯಿತು ಅಂತ ಕೆಲವರು ಕ್ಯಾಂಟೀನಿನಲ್ಲಿ ಮಾತಾಡಿಕೊಂಡರು. ರೇವತಿ ಮಾತ್ರ ಆ ಮೇಜಿನ ಹತ್ತಿರ ಮತ್ತೆ ಪ್ರಶ್ನೆ ಕೇಳಲು ಬರಲಿಲ್ಲ.

ದಿನಾ ಸಂಜೆ ವಾಣಿ ವಾರ್ಡಿಗೆ ಹೋಗುತ್ತಿದ್ದಳು. ನಿಂಗರಾಜ್ ಅವಳು ಬಂದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದ. ಗಂಟಲಲ್ಲಿ ಕೊಳವೆಯಿದ್ದ ಅಂಜಿನವ್ವನಿಗೆ ಮಾತು ಬರುತ್ತಿರಲಿಲ್ಲ. ಮಾತಿನ ಮಲ್ಲಿಯಾಗಿದ್ದ ಆ ಹೆಂಗಸು ಚಾವಣಿ ನೋಡುತ್ತಾ ಮಲಗಿರುತ್ತಿದ್ದಳು. ವಾಣಿ ಗಾಯ ಒರೆಸುವುದಕ್ಕೆ ನರ್ಸಿಗೆ ನೆರವಾಗುತ್ತಿದ್ದಳು, ಶುಗರ್ ನೋಡಿ ಬರೆಯುತ್ತಿದ್ದಳು. ಅವಳ ಕೈ ಮುಖದ ಹತ್ತಿರ ಹೋದಾಗೆಲ್ಲ ಅಂಜಿನವ್ವನ ಮೈ ಸಣ್ಣಗೆ ಸೆಡೆತುಕೊಳ್ಳುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ತೋರಿಸಿಕೊಳ್ಳುತ್ತಿರಲಿಲ್ಲ.

ಕೊಳವೆ ತೆಗೆದು, ರಂಧ್ರ ಮಾಯ್ದು, ಮನೆಗೆ ಕಳಿಸುವ ದಿನ ಬಂತು. ಕುತ್ತಿಗೆಯ ಮೇಲೆ ಗಾಯದ ಗೆರೆಗಳು ಕೆಂಪಗೆ ಉಬ್ಬಿಕೊಂಡಿದ್ದವು. ದನಿ ಒರಟಾಗಿತ್ತು, ಒಂದೊಂದು ಮಾತಿಗೂ ಗಾಳಿ ಸೋರುವಂತೆ ಕೇಳುತ್ತಿತ್ತು. ಅವಳು ವಾಣಿಯನ್ನು ಹತ್ತಿರ ಕರೆದಳು.

"ನೀ ಬರದಿದ್ರ ನನ್ನ ಹೊಳ್ಯಾಗ ಇಳಿಸ್ತಿದ್ರು. ಅದು ಗೊತ್ತೈತೆ ನಂಗೆ. ನಿನ್ನ ಕೈಯಿಂದಾನೇ ಹೋಗ್ತಿದ್ದೆ ಅನ್ನಾದೂ ಗೊತ್ತೈತೆ." ಸುಧಾರಿಸಿಕೊಂಡು ಮತ್ತೆ ಹೇಳಿದಳು. "ಎಲ್ಡೂ ಗೊತ್ತೈತೆ ಕಣವ್ವ. ಯಾವುದನ್ನ ಮೊದ್ಲು ಅನ್ಬೇಕು ಅಂಬೋದು ತಿಳೀವಲ್ದು."

ಗುತ್ತೆಪ್ಪ ಚೀಲ ಎತ್ತಿಕೊಂಡು, "ಆ ಕ್ಯಾಪು ನಿಮ್ಮತ್ರನೇ ಇರ್ಲಿ ತಾಯಿ" ಅಂದು, ಹೆಂಡತಿಯನ್ನು ಮೆಲ್ಲಗೆ ನಡೆಸಿಕೊಂಡು ಹೊರಟ.

ಹಿಂದೆ ಉಳಿದ ನಿಂಗರಾಜ್ ಬಾಗಿಲಲ್ಲಿ ನಿಂತ. ಆವತ್ತಿನ ಕಾರಿನ ದಾರಿಯಿಂದ ಈಚೆಗೆ ಅವನು ಅವಳ ಜೊತೆ ಮಾತಾಡಿರಲಿಲ್ಲ.

"ಮೇಡಂ, ಒಂದು ಕೇಳ್ತೀನಿ. ನೀವು ಇನ್ನ ಯಾರ್‍ಯಾರಿಗೆ ಹಾಕೀರಿ ಆ ದಾರ?"

"ಅಮ್ಮಂದು ನಾನೊಬ್ಬಳೇ ಮಾಡಿದ ಮೊದಲನೇದು."

"ಒಬ್ರೇ ಮಾಡಿದ್ದು ಹೌದ್ರಿ. ಅದಕ್ಕೂ ಮೊದ್ಲು ಬ್ಯಾರೆ ಡಾಕ್ಟ್ರ ಜೋಡಿ ನಿಂತು ಹಾಕಿರ್ತೀರಲ್ಲ? ಅವೆಲ್ಲಾ ತೆಗೆದದ್ದು ನೆಪ್ಪೈತಾ?"

ವಾಣಿ ಒಂದೊಂದನ್ನೇ ಬೆರಳಲ್ಲಿ ಎಣಿಸಲು ಹೊರಟು ಮೊದಲನೆಯದಕ್ಕೇ ನಿಂತಳು. ನಿಂಗರಾಜ್ ತಲೆಯಾಡಿಸಿ, ತಾಯಿಯ ಹಿಂದೆ ಹೋದ.

ಕಿಟಕಿಯ ಕೆಳಗೆ ಅವರು ಹತ್ತಿದ ಆಟೋ ಬಸ್ ಸ್ಟ್ಯಾಂಡಿನ ಕಡೆ ತಿರುಗುವುದು ಕಂಡಿತು. ವಾಣಿ ಖಾಲಿ ಮಂಚದ ಅಂಚಿಗೆ ಕೂತಳು. ಪಿ.ಜಿ.ಗಳ ಪಕ್ಕದಲ್ಲಿ ನಿಂತು ತಾನು ದಾರ ಕೂರಿಸಿದ ಬಾಯಿಗಳನ್ನು ನೆನೆಯತೊಡಗಿದಳು. ಪಾನಿನ ಕಲೆಯ ಹಲ್ಲು, ಚಿನ್ನದ ಕಟ್ಟು ಹಾಕಿದ ಹಲ್ಲು, ಮೇಲ್ದವಡೆಯ ಸೀಳಿದ ಹಲ್ಲು. ಹಲ್ಲುಗಳು ನೆನಪಾದವು. ಮುಖಗಳು ನೆನಪಾಗಲಿಲ್ಲ. ಕೊನೆಗೆ ಒಂದು ಹೆಸರು ನೆನಪಾಯಿತು, ಹರಿಹರದ ನೌಮಾನ್ ಅನ್ನುವ ಬಟ್ಟೆ ವ್ಯಾಪಾರಿ. ಇನ್ನೊಂದು ಸಲ ಬರುತ್ತೇನೆಂದು ಹೇಳಿ ಹೋಗಿದ್ದ ಆತ ಮತ್ತೆ ಬಂದಿರಲಿಲ್ಲ. ಅವಳು ವಿಭಾಗಕ್ಕೆ ಫೋನ್ ಮಾಡಿ ಆತನ ನಂಬರು ಕೇಳಿ ಪಡೆದಳು.

ಆ ಕಡೆ ರಿಂಗ್ ಆಗತೊಡಗಿತು. ವಾಣಿ ಎದ್ದು ನಿಂತು, ಫೋನನ್ನು ಕಿವಿಗೆ ಒತ್ತಿಕೊಂಡು, ಯಾರಾದರೂ ಎತ್ತಲಿ ಅಂತ ಕಾದಳು.